ಪ್ರಶ್ನೆಗಳು ಕಡೆಗೆ

“ಅವ್ವಾ, ನಿನ್ನ ಹಕ್ಕಿನ ಮಾತು ಹೇಳಾಕತ್ತೀನಿ. ನಿದ್ದಿ ಮನಿಗೆ ಹೋಗಿ ಮಾಡೂವಂತಿ” ಎಂದು ವಕೀಲ ಸುರೇಂದರ್ ಮೈಕಿನಲ್ಲೇ ಅಂದುಬಿಟ್ಟ. ಕುಳಿತವರೆಲ್ಲ ಗೊಳ್ಳೆಂದು ನಕ್ಕರು. ಎರಡನೇ ಸಾಲಿನಲ್ಲಿ ತೂಕಡಿಸುತ್ತಿದ್ದಂತೆ ಕಂಡ ಆಶಮ್ಮ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡತೊಡಗಿದಳು. ಪಕ್ಕದಲ್ಲಿದ್ದ ಅವಳ ಗಂಡ, ಕುರಿ ಕಾಯುವ ಬಾಲಯ್ಯ ಮಾತ್ರ ನಗಲಿಲ್ಲ.

ಮಕ್ತಲ್ ಕಡೆಯ ಒಂದು ಸರ್ಕಾರಿ ದವಾಖಾನೆಯ ಅಂಗಳ ಅದು. ಗುರುವಾರ ಬೆಳಿಗ್ಗೆ, ಸಕ್ಕರೆ ಕಾಯಿಲೆಯವರ ರಕ್ತ ಪರೀಕ್ಷೆಯ ಹೊತ್ತು. ‘ಆರೋಗ್ಯ ನಮ್ಮ ಹಕ್ಕು’ ಶಿಬಿರವನ್ನೂ ಅವತ್ತೇ ಇಟ್ಟವರ ಜಾಣತನವೇ ಬೇರೆ: ಜನರನ್ನು ಹುಡುಕಿ ಕರೆತರುವ ಕಷ್ಟವಿಲ್ಲ, ಅವರು ಹೇಗೂ ಸರತಿಯಲ್ಲಿ ನಿಂತಿರುತ್ತಾರೆ. ಎಲ್ಲರನ್ನೂ ಶಾಮಿಯಾನದ ಕೆಳಗೆ ಕೂರಿಸಿದರು. ನಡುವೆ ಎದ್ದು ಹೋದರೆ ಫೋಟೊದಲ್ಲಿ ಖಾಲಿ ಕುರ್ಚಿ ಕಾಣುತ್ತವೆಂದು ಅವರ ರಕ್ತ ಪರೀಕ್ಷೆಯ ಚೀಟಿಗಳನ್ನೂ ಇಸಿದುಕೊಂಡರು. ಡಾಕ್ಟರು ವೇದಿಕೆ ಹತ್ತಿದರು. ರಕ್ತ ತೆಗೆಯುವ ಝಾನ್ಸಿ ಅತಿಥಿಗಳಿಗೆ ಕೊಡುವ ಹೂಗುಚ್ಛ ಹಿಡಿದು ನಿಂತಳು. ಲ್ಯಾಬಿಗೆ ಬೀಗ ಬಿತ್ತು.

ಇದೆಲ್ಲ ಸುರೇಂದರ್‌ಗೆ ಕಾಣಲಿಲ್ಲ ಅಂತಲ್ಲ. ಕಂಡಿತ್ತು, ಅರ್ಧ ಗಂಟೆಯ ಮಾತು ತಾನೇ ಅಂದುಕೊಂಡಿದ್ದ. ಆದರೆ ಮೈಕು ಕೈಗೆ ಬಂದ ಮೇಲೆ ವಕೀಲರಿಗೆ ಗಡಿಯಾರ ಎಲ್ಲಿ ಕಾಣುತ್ತದೆ! ಮಾತು ಶುರುವಾಗಿ ಒಂದು ಗಂಟೆ ದಾಟಿತ್ತು.

“ಸಂವಿಧಾನದ ಇಪ್ಪತ್ತೊಂದನೇ ವಿಧಿ ನಮಗ ಬದುಕೋ ಹಕ್ಕು ಕೊಟ್ಟೈತಿ. ಆರೋಗ್ಯನೂ ಅದರಾಗ ಬರತೈತಿ. ಸರ್ಕಾರಿ ದವಾಖಾನ್ಯಾಗ ಹೊತ್ತಿಗೆ ಸರಿಯಾಗಿ ಔಷಧೋಪಚಾರ ಸಿಗದಿದ್ರ ಆ ಹಕ್ಕು ಮುರಿದಂಗ ಅಂತ ಸುಪ್ರೀಂ ಕೋರ್ಟೇ ಹೇಳೈತಿ!”

ಬಾಲಯ್ಯ ಕೈ ಎತ್ತಿದ. ಸುರೇಂದರ್‌ಗೆ ಒಳಗೊಳಗೇ ಹಿಗ್ಗು. ಕುರಿ ಕಾಯುವವನಿಗೂ ಪ್ರಶ್ನೆ ಹುಟ್ಟಿತೆಂದರೆ ಮಾತು ಮುಟ್ಟಿದೆ ಅಂತಲೇ ಅರ್ಥ. “ಪ್ರಶ್ನೆ ಕಡೀಗೆ ಕೇಳೂವಂತ್ರಿ, ಹಿರಿಯರ” ಎಂದ. ಸ್ವಲ್ಪ ಹೊತ್ತಿಗೆ ಬಾಲಯ್ಯ ಮತ್ತೆ ಕೈ ಎತ್ತಿದಾಗ ನಕ್ಕು, ಅಂಗೈ ತೋರಿಸಿ ತಡೆದ.

“ಇದು ನಮ್ಮ ದೇಶದ ಮಾತಷ್ಟ ಅಲ್ಲ. ಜಗತ್ತಿನ ದೇಶಗಳು ಕೂಡಿ ಮಾಡ್ಕೊಂಡ ಒಪ್ಪಂದದಾಗೂ ಆರೋಗ್ಯದ ಹಕ್ಕು ಐತಿ, ನಾವೂ ಅದಕ್ಕ ಒಪ್ಪೀವಿ...” ಅನ್ನುವಷ್ಟರಲ್ಲಿ ಆಶಮ್ಮ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು.

ಝಾನ್ಸಿ ಹೂವು ಬಿಸಾಕಿ ಓಡಿದಳು. ಮುದುಕಿಯ ಮೈಯೆಲ್ಲ ತಣ್ಣನೆಯ ಬೆವರು. ಬೆರಳು ಚುಚ್ಚಿ ನೋಡಿ, “ಸಾರ್, ಶುಗರ್ ನಲವತ್ತೆರಡಕ್ಕ ಇಳದೈತ್ರಿ!” ಎಂದು ಕೂಗಿದಳು. ಡಾಕ್ಟರು ವೇದಿಕೆಯಿಂದ ಧುಮುಕಿದರು. ಒಳಗೆ ಮಂಚದ ಮೇಲೆ ಮಲಗಿಸಿ ಗ್ಲೂಕೋಸ್ ಏರಿಸಿದ ಮೇಲೆ ಆಶಮ್ಮ ಕಣ್ಣು ಬಿಟ್ಟಳು.

“ಮುಂಜಾನಿ ಏನು ತಿಂದಾಳ?” ಡಾಕ್ಟರು ಕೇಳಿದರು.

“ಏನೂ ಇಲ್ರಿ. ರಕ್ತ ಕೊಡೂತನಕ ಉಣಬ್ಯಾಡ ಅಂದಿದ್ರಿ. ಗುಳಿಗಿ ಒಂದಿನಾನೂ ಬಿಡಬ್ಯಾಡ ಅಂದಿದ್ರಿ. ಎರಡೂ ನೀವು ಹೇಳಿದಂಗ ಮಾಡೀವ್ರಿ” ಎಂದ ಬಾಲಯ್ಯ.

ಖಾಲಿ ಹೊಟ್ಟೆಯಲ್ಲಿ ನುಂಗಿದ ಗುಳಿಗೆಯೇ ಸಕ್ಕರೆ ಇಳಿಸಿದೆಯೆಂದು ಡಾಕ್ಟರಿಗೆ ಗೊತ್ತಾಯಿತು. ಸುರೇಂದರ್ ಗಾಬರಿಯಲ್ಲಿ ಬಾಲಯ್ಯನ ಮೇಲೆಯೇ ರೇಗಿದ. “ಎದ್ದು ಬಂದು ಹೇಳಾಕ ಏನಾಗಿತ್ತು? ಕೈ ಎತ್ತಿ ಕುಂತ್ರ ನನಗ ಹ್ಯಾಂಗ ತಿಳೀಬೇಕು?”

“ನಮ್ಮ ದೇವ್ರು ಬೀರಪ್ಪನ ಕತಿ ನಡದಾಗ ಮಂಗಳಾರತಿ ಆಗೂತನಕ ನಾವು ಏಳಂಗಿಲ್ರಿ ಸಾಹೇಬ್ರ. ನಡಬರಕ ಎದ್ರ ಹೇಳವ್ರಿಗೆ ಅವಮಾನ. ನೀವೂ ನಮ್ಮ ಒಳ್ಳೇದಕ್ಕ ನಿಂತು ಹೇಳಾಕತ್ತಿದ್ರಿ. ನಿಮಗ ಹ್ಯಾಂಗ ಅವಮಾನ ಮಾಡೂದು?”

ಸುರೇಂದರ್‌ನ ಕಿವಿ ಸುಟ್ಟಂತಾಯಿತು. ಅವನಿಗೆ ನಾಚಿಕೆಯಾಯಿತು. ಭಾಷಣಕ್ಕಿಂತ ಆ ನಿದ್ದೆಯ ತಮಾಷೆಗೆ ಹೆಚ್ಚು ನಾಚಿಕೆಯಾಯಿತು. ಅಷ್ಟು ಜನರನ್ನು ನಗಿಸಿ ಖುಷಿಪಟ್ಟಿದ್ದನಲ್ಲ! ಮಂಚದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆಯುವುದರೊಳಗೆ ಆಶಮ್ಮನೇ ಕೈ ಮುಗಿದಳು.

“ನಿದ್ದಿ ಮಾಡಿಲ್ರಿ ಸಾಹೇಬ್ರ, ದೇವರಾಣಿ. ಕಣ್ಣಿಗೆ ಕತ್ತಲಿ ಬರಾಕತ್ತಿತ್ತು.”

ಅವನು ಅವಳ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಗ್ಲೂಕೋಸ್ ಮುಗಿದ ಮೇಲೆ ಬಾಲಯ್ಯ ಝಾನ್ಸಿಯನ್ನು ಕೇಳಿದ: “ಇನ್ನ ರಕ್ತ ತಗೀತಿಯೇನವ್ವಾ?”

“ಇವತ್ತ ಆಗೂದಿಲ್ಲ ತಾತಾ, ಮೈಯಾಗ ಗ್ಲೂಕೋಸ್ ಹೋಗೇತಲ್ಲ. ಬರೋ ಗುರುವಾರ ಮತ್ತ ಖಾಲಿ ಹೊಟ್ಟಿಲೆ ಕರ್ಕೊಂಡು ಬರ್ರಿ. ಗುಳಿಗಿ ಮಾತ್ರ ರಕ್ತ ಕೊಟ್ಟ ಮ್ಯಾಲೆ, ಉಣ್ಣೂ ಮುಂದ.”

ಬಾಲಯ್ಯನ ಮುಖ ಸಣ್ಣದಾಯಿತು. ಎರಡು ಆಟೊ ಬದಲಿಸಿ ಬರಬೇಕು, ಕುರಿ ನೋಡಿಕೊಳ್ಳಲು ಮತ್ತೆ ಯಾರನ್ನೋ ಬೇಡಬೇಕು. ಅವನು ಹೆಂಡತಿಯ ಮುಖ ನೋಡಿದ. ಅವಳು ಯೋಚಿಸುತ್ತಿದ್ದಳು. ಆಮೇಲೆ ಸುರೇಂದರ್‌ನ ಕಡೆ ತಿರುಗಿ, ಅವನಿಗೆ ಎಲ್ಲಿ ಬೇಸರವಾದೀತೋ ಎಂಬಂತೆ ಮೆಲ್ಲಗೆ ಕೇಳಿದಳು.

“ಬರೋ ಗುರುವಾರ ನೀವು ಬರ್ತೀರೇನ್ರಿ ಸಾಹೇಬ್ರ?”

“ಇಲ್ಲವ್ವಾ.”

“ಹಂಗಿದ್ರ ಬರ್ತೀವಿ” ಎಂದು ಆಶಮ್ಮ ಗಂಡನ ಕೈ ಹಿಡಿದು ಎದ್ದಳು.