ಮರುಳಪ್ಪನನ್ನು ಕರೆತರಲು

ಹಿರಿಯೂರು ದಾಟುವಷ್ಟರಲ್ಲಿ ಕಲ್ಲೇಶಪ್ಪ ಮೂರು ಸಲ ಕಾರು ನಿಲ್ಲಿಸಿದ್ದ. ಒಮ್ಮೆ ಕಾಫಿಗೆ, ಒಮ್ಮೆ ಎಲೆಯಡಿಕೆಗೆ. ಮೂರನೆಯದು ಯಾತಕ್ಕೆಂದು ಅವನಿಗೇ ತಿಳಿಯಲಿಲ್ಲ.

"ಹಿಂಗೆ ನಿಲ್ಲಿಸ್ತಾ ಹೋದ್ರೆ ಗಣಿ ಸೇರೋದ್ರೊಳಗೆ ಕತ್ತಲಾಗ್ತೈತೆ ಯಜಮಾನ್ರೇ," ಎಂದ ಡ್ರೈವರ್ ಖಲಂದರ್. ಅವನ ಬಾಡಿಗೆ ಅಂಬಾಸಡರ್ ಬೆಳಿಗ್ಗೆ ಐದಕ್ಕೇ ಚನ್ನಗಿರಿ ಬಿಟ್ಟಿತ್ತು.

ಹಿಂದಿನ ಸೀಟಿನಲ್ಲಿ ಕಲ್ಲೇಶಪ್ಪನ ತಂಗಿ ನಿರ್ಮಲಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಬಿಟ್ಟವಳು ಎಂದು ಊರು ಆಡಿಕೊಳ್ಳುತ್ತಿತ್ತು. ಅವಳು ಒಂದು ದಿನವೂ ಎದುರಾಡಿದವಳಲ್ಲ.

ಅವಳ ಗಂಡ ಮರುಳಪ್ಪ ಅರವತ್ತೊಂಬತ್ತನೇ ಇಸವಿಯಲ್ಲಿ ಕೋಲಾರದ ಆಚೆಯ ಚಿನ್ನದ ಗಣಿಗೆ, ಪಂಪು ನಡೆಸುವ ಕೆಲಸಕ್ಕೆ ಹೋದ. ಆಗ ಮಗಳಿಗೆ ಒಂದು ವರ್ಷ. ಎರಡು ವರ್ಷ ತಿಂಗಳಿಗೊಂದು ಕಾಗದ ಬಂತು, ಆಮೇಲೆ ನಿಂತಿತು. ಕಲ್ಲೇಶಪ್ಪ ಹೋಗಿ ನೋಡಿಕೊಂಡು ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ್ದ: "ಅವನು ಅಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡ್ಯಾನೆ. ಅವನನ್ನ ಮರೆತುಬಿಡು."

ಅಂದಿನಿಂದ ತಂಗಿಯನ್ನೂ ಮಗುವನ್ನೂ ಅವನೇ ಸಾಕಿದ. ಎಪ್ಪತ್ಮೂರರಲ್ಲಿ ಅವಳು ಶಾಲೆಯಲ್ಲಿ ಹೊಲಿಗೆ ಟೀಚರಾದಳು. ವರ್ಷಕ್ಕೊಮ್ಮೆ ಬೆಂಗಳೂರಿಗೆ ತರಬೇತಿಗೆ ಹೋಗಿಬರುವಷ್ಟು ಧೈರ್ಯವೂ ಬಂತು. ಮರುಳಪ್ಪನ ಹೆಸರು ಮಾತ್ರ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಈಗ ಬರಲೇಬೇಕಾಗಿತ್ತು. ಮಗಳಿಗೆ ಹೊನ್ನಾಳಿಯ ಗಂಡು ಗೊತ್ತಾಗಿತ್ತು. ಗಂಡಿನ ತಂದೆ ಬೆನಕಪ್ಪನದು ಒಂದೇ ಪಟ್ಟು. "ಹುಡುಗಿ ತಂದೆ ಬದುಕಿದಾರೆ ಅಂತೀರಿ. ಧಾರೆಗಾದ್ರೂ ಬರಲಿ. ಆಮೇಲೆ ಬೇಕಾದ್ರೆ ಹೋಗಲಿ."

ಒಬ್ಬನೇ ಹೋಗಿಬರುತ್ತೇನೆಂದು ಕಲ್ಲೇಶಪ್ಪ ಹೊರಟಾಗ, ನಿರ್ಮಲಮ್ಮ ಸೀರೆ ಬದಲಿಸಿ ಬಂದು ಕಾರಿನಲ್ಲಿ ಕುಳಿತಿದ್ದಳು. "ಕರೆಯಾಕೆ ಹೆಂಡತಿನೇ ಹೋಗ್ಬೇಕು ಅಣ್ಣಾ," ಎಂದಿದ್ದಳು.

ಪೂನಾ–ಬೆಂಗಳೂರು ರಸ್ತೆ ಎದುರು ನೇರವಾಗಿ ಬಿದ್ದಿತ್ತು. ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಚನ್ನಗಿರಿಯಲ್ಲಿ ಅಣ್ಣತಮ್ಮಂದಿರ ಜಗಳ ಬಂದರೆ ಜನ ಕಲ್ಲೇಶಪ್ಪನ ಅಂಗಡಿಗೆ ಬರುತ್ತಿದ್ದರು. ಅವನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ನಂಬಿದ್ದರು. ಅದು ನೆನಪಾದಾಗಲೆಲ್ಲ ಅವನು ಕಿಟಕಿಯ ಗಾಜನ್ನು ಇಳಿಸುತ್ತಿದ್ದ, ಏರಿಸುತ್ತಿದ್ದ.

ತುಮಕೂರಿನಲ್ಲಿ ಊಟಕ್ಕೆ ಕುಳಿತರು.

"ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರು ಹಾಕೋದು ಬ್ಯಾಡ ಅಂತಾಳೆ ಮಗಳು," ಎಂದಳು ನಿರ್ಮಲಮ್ಮ. "ನಾಚಿಕೆ ಆಗ್ತೈತಂತೆ."

ಕಲ್ಲೇಶಪ್ಪ ಅನ್ನ ಕಲಸುತ್ತಲೇ ಇದ್ದ.

"ಮಗಳು ನಾಚಿಕೆ ಪಡೋ ಅಂಥದ್ದು ಅವರೇನು ಮಾಡಿದ್ರು ಅಣ್ಣಾ?"

"ಊಟ ಮಾಡು. ಹೊತ್ತಾಗ್ತೈತೆ," ಎಂದ. ಅವನ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು.

ಬೆಂಗಳೂರು ಹಿಂದೆ ಬಿತ್ತು. ಹಳೆಯ ಮದ್ರಾಸು ರಸ್ತೆಯಲ್ಲಿ ಬಿಸಿಲು ಇಳಿಯತೊಡಗಿತ್ತು. ಕಲ್ಲೇಶಪ್ಪ ಮನಸ್ಸಿನಲ್ಲೇ ಒಂದು ಮಾತನ್ನು ಹೇಳಿ ನೋಡುತ್ತಿದ್ದ, ಅಳಿಸುತ್ತಿದ್ದ. ಕೋಲಾರ ದಾಟಿದ ಮೇಲೆ ಖಲಂದರ್ ದಾರಿ ಕೇಳಿದ್ದೂ ಅವನ ಕಿವಿಗೆ ಬೀಳಲಿಲ್ಲ. "ಮುಂದೆ ಬಲಕ್ಕೆ," ಎಂದಳು ನಿರ್ಮಲಮ್ಮ. ಕಾರು ಬಲಕ್ಕೆ ತಿರುಗಿತು.

ದೂರದಲ್ಲಿ ಗಣಿಯ ಬೂದುಮಣ್ಣಿನ ದಿಬ್ಬಗಳು ಕಂಡವು. ಕಲ್ಲೇಶಪ್ಪ ನಾಲ್ಕನೇ ಸಲ ಕಾರು ನಿಲ್ಲಿಸಿದ. ತಂಗಿಯನ್ನು ಇಳಿಯ ಹೇಳಿ, ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಕರೆದೊಯ್ದ.

"ಮರುಳಪ್ಪ ಇಲ್ಲ, ನಿರ್ಮಲಾ. ಎಪ್ಪತ್ತೊಂದರಲ್ಲೇ ಹೋದ. ಕಾಮಾಲೆ ಆಗಿತ್ತು. ತಂತಿ ನನ್ನ ಅಂಗಡಿಗೆ ಬಂತು. ನಾನೇ ಬಂದು ಮಣ್ಣು ಮಾಡಿ ಹೋದೆ."

ಅವಳು ಕಣ್ಣು ಮಿಟುಕಿಸಲಿಲ್ಲ.

"ಇನ್ನೊಬ್ಬಳು ಅಂತ ಯಾರೂ ಇರಲಿಲ್ಲ. ನಾನು ಕಟ್ಟಿದ ಮಾತು ಅದು. ಅವ್ವ ಮೂವತ್ತಕ್ಕೇ ಬಳೆ ಒಡೆಸ್ಕೊಂಡ್ಳು. ನಮ್ಮನೆ ಮದುವೆಗಳಲ್ಲೂ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಿನಗೆ ಆಗ ಇಪ್ಪತ್ತೆರಡು. ಬಿಟ್ಟುಹೋದವನ ಹೆಂಡತಿಗೆ ಕುಂಕುಮನಾದ್ರೂ ಉಳೀತೈತೆ ಅಂದ್ಕೊಂಡೆ." ಅವನು ದಿಬ್ಬಗಳ ಕಡೆ ತಿರುಗಿದ. "ಒಳ್ಳೆ ಮನುಷ್ಯ ಅವನು. ಊರೆಲ್ಲ ಉಗಿಯೋ ಹಂಗೆ ಮಾಡಿದೆ. ಹೆತ್ತ ಮಗಳಿಗೇ ಬೇಡವಾದ."

ನಿರ್ಮಲಮ್ಮ ಸೆರಗು ಹೊದ್ದುಕೊಂಡಳು. ಬಯ್ಯುತ್ತಾಳೆಂದು ಅವನು ತಲೆ ತಗ್ಗಿಸಿದ. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಇದನ್ನ ಮಗಳ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಬೀಗರ ಮುಂದೆ?"

"ಹೇಳ್ತೀನಿ. ಊರ ಮುಂದೇನೂ ಹೇಳ್ತೀನಿ."

"ಹಂಗಾದ್ರೆ ನಡಿ. ಅವರ ಸಮಾಧಿಗೆ ಕೈಮುಗಿದು ಹೋಗೋಣ."

ಪೆಟ್ಟು ಇನ್ನೂ ಎದೆಗೆ ಇಳಿದಿಲ್ಲ, ಅದಕ್ಕೇ ಅಳುತ್ತಿಲ್ಲ ಎಂದುಕೊಂಡ ಅವನು. ಕಾರಿನಲ್ಲಿ ಅವಳ ಮುಖ ನೋಡಲಾಗದೆ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತ.

ಗಣಿಯ ಕೆಲಸಗಾರರ ಮನೆಗಳು ತಗಡಿನ ಮಾಡು ಹೊದ್ದು ಸಾಲಾಗಿ ನಿಂತಿದ್ದವು. ಮರುಳಪ್ಪನ ಪಕ್ಕದ ಮನೆಯ ಮುರ್ತುಜಾಸಾಬ ಅಂದು ಕಲ್ಲೇಶಪ್ಪನ ಜೊತೆ ನಿಂತು ಗುಂಡಿ ತೋಡಿಸಿದ್ದ. ಅವನನ್ನು ಕೇಳದೆ ಜಾಗ ಸಿಗದು. ಕಲ್ಲೇಶಪ್ಪ ಚಿಲಕ ಬಡಿದ.

ಬಾಗಿಲು ತೆರೆದವಳು ಸಾಬನ ಹೆಂಡತಿ ರಹಮತ್‌ಬೀ. ತಲೆ ಪೂರ್ತಿ ನರೆತಿತ್ತು. ಕಲ್ಲೇಶಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗುರುತು ಹಿಡಿದಳು. ಆಮೇಲೆ ಅವನನ್ನು ಬಿಟ್ಟು, ಹಿಂದೆ ನಿಂತವಳ ಕೈ ಹಿಡಿದುಕೊಂಡಳು.

"ಬಾರಮ್ಮಾ ನಿರ್ಮಲಾ. ಹದಿನಾಲ್ಕು ವರ್ಷ ನೀನು ಒಬ್ಬಳೇ ಬಂದು ಸಮಾಧಿಗೆ ಹೂ ಇಟ್ಟು ಹೋದೆ. ಅಂತೂ ನಿಮ್ಮಣ್ಣ ತಾವಾಗೇ ಬಾಯಿ ಬಿಟ್ಟು ಹೇಳಿದ್ರಾ?"