ದಾರ ಕಡಿಯುವ ಹಲ್ಲು

ಗಿರಾಕಿಯ ಬಿಳಿ ಅಂಗಿಯ ಕಾಲರಿಗೆ ಹತ್ತಿದ ರಕ್ತದ ಚುಕ್ಕಿಯನ್ನು ಮಗಳು ತಣ್ಣೀರಿನಲ್ಲಿ ಉಜ್ಜುತ್ತಿದ್ದಳು.

"ಗುಂಡುಸೂಜಿ ಚುಚ್ಚಿರಬೇಕು. ಬಾಯಲ್ಲಿ ಸೂಜಿ ಕಚ್ಕೊಂಡೇ ಮುದುಕಿ ಆದೋಳಿಗೆ ಇದೇನು ಹೊಸದಾ?" ಎಂದಳು ಅಮ್ಮ, ಹೊಲಿಗೆ ಯಂತ್ರದ ಮುಂದೆ ಕುಳಿತು.

"ದಾರ ಕಡಿಯೋವಾಗ ವಸಡಿಂದ ಬಂದಿದ್ದಮ್ಮ. ಹಲ್ಲುಜ್ಜುವಾಗ್ಲೂ ಬರ್ತಿತ್ತಲ್ಲ."

"ಅದಕ್ಕೇ ಉಜ್ಜೋದನ್ನೇ ಬಿಟ್ಟಿದ್ದೀನಿ. ಡಾಕ್ಟರ ಹತ್ರ ಹೋದ್ರೆ ಕಿತ್ತೇ ಕಳಿಸ್ತಾರೆ. ಅವರ ಕೈ ಸುಮ್ನಿರುತ್ತಾ?" ಅಮ್ಮ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು.

ಇನ್ನೊಂದು ಅಂಗಿಗೆ ಗುಂಡಿ ಹಾಕಿ ಮುಗಿಸಿ, ಎಂದಿನಂತೆ ದಾರವನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಎಳೆದಳು. ದಾರ ತುಂಡಾಗಲಿಲ್ಲ, ಹಲ್ಲೇ ಮುಂದಕ್ಕೆ ವಾಲಿತು. ಅವಳು ಮಗಳತ್ತ ಕಣ್ಣು ಹಾಯಿಸಿದಳು. ಆಮೇಲೆ ಮಗಳು ನೋಡಲಿಲ್ಲವೆಂದುಕೊಂಡು, ಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ಒತ್ತಿ, ಕತ್ತರಿಗಾಗಿ ಕೈಚಾಚಿದಳು. ದಾರ ತುಂಡರಿಸಲು ಅಮ್ಮ ಕತ್ತರಿ ಹಿಡಿದದ್ದನ್ನು ಮಗಳು ಎಂದೂ ಕಂಡಿರಲಿಲ್ಲ.

ಅಮ್ಮ ತುಟಿ ಬಿಗಿದು ಯಂತ್ರ ತುಳಿಯತೊಡಗಿದಳು. ಮಗಳು ಎದ್ದು ಬಂದು ಒದ್ದೆ ಕೈಯಿಂದಲೇ ಚಕ್ರವನ್ನು ಹಿಡಿದು ನಿಲ್ಲಿಸಿದಳು.

"ನಾಳೆ ಹಲ್ಲಿನ ಡಾಕ್ಟರ ಹತ್ರ ಹೋಗೋಣ ಬಾಮ್ಮ. ಇರೋ ಹಲ್ಲಾದ್ರೂ ಉಳೀಲಿ."

ಅಮ್ಮ ಯಂತ್ರದಿಂದ ಕಾಲು ತೆಗೆದು, ಈ ಸಲ ಮಗಳ ಮುಂದೆಯೇ ಆ ಹಲ್ಲನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಂಡಳು.