ರಾಜೀನಾಮೆಯ ಬಟನ್

ಕಂಪನಿಯಲ್ಲಿ ರಾಜೀನಾಮೆ ಕೊಡಲು ಇದ್ದದ್ದು ಒಂದೇ ದಾರಿ, ಪ್ರತಿಯೊಬ್ಬರಿಗೂ ಅವರವರ ಹೆಸರಲ್ಲಿ ತೆರೆಯುವ ವೆಬ್ ಪುಟ. ಅದರ ಬಟನ್ ಯಾರಿಗೂ ಒತ್ತಲಾಗದಂತಿರಲಿ ಎಂದು ಮ್ಯಾನೇಜರ್ ಹೇಳಿದಾಗ ಪ್ರೋಗ್ರಾಮರ್ ನಳಿನಾಕ್ಷಿ ಹಾಗೇ ಕೋಡ್ ಬರೆದಿದ್ದಳು. ಈಗ ಅವಳಿಗೇ ಬೇರೆ ಕಡೆ ಕೆಲಸ ಸಿಕ್ಕಿತ್ತು. ಸಂಜೆಯೊಳಗೆ ಇಲ್ಲಿಂದ ಬಿಡುಗಡೆಯಾಗದಿದ್ದರೆ ಅದೂ ಕೈತಪ್ಪುತ್ತಿತ್ತು. ಎಲ್ಲರ ಬಟನ್ ಮುಟ್ಟದೆ, ತನ್ನ ಪುಟಕ್ಕೆ ಮಾತ್ರ ಒಂದು ಸಾಲು ಕೋಡ್ ಸೇರಿಸಿದಳು. ಮಂಕಾಗಿದ್ದ ಬಟನ್ ಹಸಿರಾಯಿತು.

“ಏನಮ್ಮಾ, ನಿಂದು ಮಾತ್ರ ಹಸಿರು?” ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದರು.

ಅವಳು ಹಿಂದಿರುಗಿ ನೋಡಿದಳು. “ಮೂಲ ಕೋಡ್ ಹಾಗೇ ಇದೆ ಸಾರ್. ನನ್ನ ಪುಟದಲ್ಲಿ ಮಾತ್ರ ಅದರ ಮಾತು ನಡೆಯಲ್ಲ.”

“ಮೇಲಿನವರು ನೋಡಿದ್ರೆ?”

“ಅವರಿಗೆ ಕಾಣಲ್ಲ ಸಾರ್.”

ಅವರು ಅತ್ತಿತ್ತ ನೋಡಿ, ಕುರ್ಚಿ ಎಳೆದುಕೊಂಡು ಕೂತರು. “ಹಾಗಾದ್ರೆ ನನ್ನ ಪುಟಕ್ಕೂ ಆ ಸಾಲು ಹಾಕಮ್ಮಾ. ನಾಲ್ಕು ತಿಂಗಳಿಂದ ಒತ್ತಿ ಒತ್ತಿ ಸಾಕಾಗಿದೆ.”